ಕೂಸಿನ ತುತ್ತಿನ ಚರಿತ್ರೆ

ಚರಿತ್ರೆಯೆಂದರೆ ರಾಜರು, ದಂಡಯಾತ್ರೆಗಳು, ಸಂಧಿಪತ್ರಗಳು ಎಂದು ನಾವು ಕಾಲೇಜಿನಲ್ಲಿ ಕಲಿತೆವು. ಕಲಿತುದನ್ನೇ ಇಪ್ಪತ್ತು ವರ್ಷಗಳಿಂದ ಕಲಿಸುತ್ತಲೂ ಇದ್ದೇವೆ. ಶಿರಾ ಸೀಮೆಯ ಚರಿತ್ರೆಯನ್ನು ಹೇಳೆಂದರೆ, 1687ರಲ್ಲಿ ಮೊಗಲರು ಅದನ್ನು ಒಂದು ಸುಬೆಯ ಮುಖ್ಯಪಟ್ಟಣವನ್ನಾಗಿ ಮಾಡಿದುದನ್ನೂ, 1761ರಲ್ಲಿ ಹೈದರನು ಅದನ್ನು ವಶಪಡಿಸಿಕೊಂಡುದನ್ನೂ ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಆ ಎರಡು ಇಸವಿಗಳ ನಡುವೆ, ಅವುಗಳ ಹಿಂದೆ, ಮುಂದೆ, ಒಂದು ದಿನವೂ ತಪ್ಪದೆ, ಆ ಸೀಮೆಯ ಮನೆಮನೆಯಲ್ಲಿಯೂ ಒಬ್ಬ ತಾಯಿ ಒಂದು ಕೂಸಿನ ಮುಂದೆ ಬಟ್ಟಲು ಹಿಡಿದು ಕುಳಿತಿದ್ದಳು. ಆ ಬಟ್ಟಲಿನಲ್ಲಿ ಏನಿತ್ತು, ಕೂಸು ಅದನ್ನು ಉಂಡಿತೆ, ಉಗುಳಿತೆ ಎಂಬುದು ನಮ್ಮ ಪಠ್ಯಪುಸ್ತಕಗಳಿಗೆ ಬೇಡವಾದ ವಿಷಯ. ಈ ವಿಷಯವನ್ನು ನಾವು ಕೈಗೆತ್ತಿಕೊಂಡುದು ಪಾಂಡಿತ್ಯದ ಹಂಬಲದಿಂದಲ್ಲ; ನಮ್ಮ ಮನೆಯ ಒಂದು ಕಷ್ಟದಿಂದ.

ನಮ್ಮ ಕಿರಿಯ ಮಗಳಿಗೆ ಆಗ ಎರಡು ವರ್ಷ ತುಂಬಿತ್ತು. ಆಕೆಯ ಆಹಾರವೆಂದರೆ ಮೂರೇ ಪದಾರ್ಥ: ಹಾಲು, ಬಿಸ್ಕತ್ತು, ಮೊಸರು ಕಲಸಿದ ಬಿಳಿಯ ಅನ್ನ. ಬೇರೆ ಏನನ್ನು ತಂದರೂ ತುಟಿ ಬಿಗಿಯುವಳು, ಮುಖ ತಿರುಗಿಸುವಳು, ಕೊನೆಗೆ ಬಟ್ಟಲನ್ನೇ ತಳ್ಳುವಳು. ವೈದ್ಯರು ಪರೀಕ್ಷೆ ಮಾಡಿ, ಕೂಸಿಗೆ ರಕ್ತಹೀನತೆಯಿದೆಯೆಂದು ಹೇಳಿ, ಕಬ್ಬಿಣದ ಅಂಶವುಳ್ಳ ಹನಿಗಳನ್ನು ಬರೆದುಕೊಟ್ಟರು; ಹಾಲನ್ನು ಕಡಮೆ ಮಾಡಿ ಊಟವನ್ನು ಹೆಚ್ಚಿಸಿರೆಂದರು. ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣ ಅತ್ಯಲ್ಪ, ಹೊಟ್ಟೆ ತುಂಬಿಸುವ ಶಕ್ತಿ ಅಧಿಕ. ಹಾಲಿನಿಂದಲೇ ಹೊಟ್ಟೆ ತುಂಬಿದ ಕೂಸಿಗೆ ಊಟದ ಹಸಿವು ಎಲ್ಲಿಂದ ಬರಬೇಕು? ಇಷ್ಟು ತಿಳಿಯಿತು. ಊಟವನ್ನು ಹೆಚ್ಚಿಸುವ ಉಪಾಯ ಮಾತ್ರ ತಿಳಿಯಲಿಲ್ಲ. ಹಿಂದಿನವರು ಚಂದ್ರನನ್ನು ತೋರಿಸಿ ಉಣ್ಣಿಸುತ್ತಿದ್ದರು. ನಾವು ಮೊಬೈಲಿನ ಚಿತ್ರಗಳನ್ನು ತೋರಿಸಿ ಉಣ್ಣಿಸಿದೆವು. ಬೆದರಿಸಿದೆವು, ಮುದ್ದಿಸಿದೆವು, ಲಂಚ ಕೊಟ್ಟೆವು. ದಿನಕ್ಕೆ ಮೂರು ಹೊತ್ತು ನಮ್ಮ ಮನೆ ಒಂದು ರಣರಂಗವಾಯಿತು. ಮೂರು ಹೊತ್ತೂ ಸೋತವರು ನಾವೇ.

ಹೀಗಿರುವಾಗ ಒಮ್ಮೆ ತಾವರೆಕೆರೆಗೆ ಹೋಗುವ ಸಂದರ್ಭ ಬಂದಿತು. ಶಿರಾದಿಂದ ಹಿರಿಯೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಅದು. ಹೆಸರಿನಲ್ಲಿ ತಾವರೆಯೂ ಉಂಟು, ಕೆರೆಯೂ ಉಂಟು. ಸೀಮೆ ಮಾತ್ರ ಮೋಡವನ್ನು ನೋಡಿ ಬದುಕುವ ಸೀಮೆ. ಅಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತೆವು. ಶಿಷ್ಯರ ಅಜ್ಜಿ ಜಗಲಿಯ ಮೇಲೆ ತಮ್ಮ ತಣಿಗೆಯನ್ನಿಟ್ಟುಕೊಂಡು ಮುದ್ದೆಯನ್ನೂ ಹುರುಳಿಯ ಸಾರನ್ನೂ ಉಣ್ಣುತ್ತಿದ್ದರು. ನಮ್ಮ ಮಗಳು ಅವರ ಹತ್ತಿರ ಹೋಗಿ ನಿಂತಳು. ಅಜ್ಜಿ ಕರೆಯಲೂ ಇಲ್ಲ, ತುತ್ತು ನೀಡಲೂ ಇಲ್ಲ. ತಮ್ಮ ಪಾಡಿಗೆ ತಾವು ಉಣ್ಣುತ್ತಲೇ ಇದ್ದರು. ಕೂಸು ಮುದ್ದೆಯನ್ನು ಬೆರಳಿನಿಂದ ಚುಚ್ಚಿತು, ಚೂರು ಮುರಿದು ಬಾಯಿಗಿಟ್ಟುಕೊಂಡಿತು, ಒಡನೆಯೇ ಉಗುಳಿತು. ನಮ್ಮ ಮನೆಯವರು ಗಾಬರಿಯಿಂದ ಎದ್ದರು. ಅಜ್ಜಿ ನಕ್ಕು, "ಉಗುಳ್ಲಿ ಬಿಡವ್ವ. ಇವತ್ತು ಮುಟ್ತು, ನಾಳೆ ನೆಕ್ತದೆ, ನಾಡಿದ್ದು ನುಂಗ್ತದೆ" ಎಂದರು.

ಆಮೇಲೆ ನಮ್ಮ ಕಡೆಗೆ ತಿರುಗಿ, "ಮನೇಲಿ ನೀವೇನು ಉಣ್ತೀರಿ ಮೇಷ್ಟ್ರೆ?" ಎಂದು ಕೇಳಿದರು. ನಾವು ಅನ್ನವನ್ನೇ ಉಣ್ಣುತ್ತೇವೆಂದೂ, ಸಕ್ಕರೆ ಕಾಯಿಲೆಯಿರುವ ನಮ್ಮ ತಂದೆಯವರಿಗೆ ಮುದ್ದೆಯನ್ನೂ, ಕೂಸಿಗೆ ರಾಗಿಯ ಸರಿಯನ್ನೂ ಬೇರೆಯಾಗಿ ಮಾಡುವರೆಂದೂ ಹೇಳಿದೆವು. "ಅಂಗಾದ್ರೆ ಕಾಯಿಲೆಯೋರಿಗೆ ಒಂದು ಒಲೆ, ಕೂಸಿಗೆ ಒಂದು ಒಲೆ. ಕೂಸು ಅದನ್ನ ಔಷ್ದಿ ಅನ್ಕಂತದೆ. ನೀವು ಉಣ್ಣದ್ದನ್ನ ಅದು ಯಾಕೆ ಉಣ್ಬೇಕು ಮೇಷ್ಟ್ರೆ?" ಎಂದರು. ಇಪ್ಪತ್ತು ವರ್ಷ ಪ್ರಶ್ನಪತ್ರಿಕೆಗಳನ್ನು ರಚಿಸಿದ ನಮಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ನಾವು ಉಣ್ಣುವುದನ್ನು ಎಂದು ಬಿಟ್ಟೆವು, ಏತಕ್ಕಾಗಿ ಬಿಟ್ಟೆವು ಎಂಬುದನ್ನು ಹುಡುಕಿಕೊಂಡು ನಾವು ಪುಸ್ತಕಗಳ ಬಳಿಗೆ ಹೋದುದು ಆಗಲೇ.

ಕೂಸಿಗೆ ಮೊದಲ ತುತ್ತನ್ನು ಎಂದು ಕೊಡಬೇಕೆಂಬುದು ನಮ್ಮ ದೇಶದಲ್ಲಿ ಹಳೆಯ ಪ್ರಶ್ನೆ. ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ಹೇಳುತ್ತವೆ. ಸುಶ್ರುತಸಂಹಿತೆಯೂ ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ವಿಧಿಸುತ್ತದೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರು ತಿಂಗಳ ವರೆಗೆ ತಾಯಿಯ ಹಾಲು ಮಾತ್ರ, ಆಮೇಲೆ ಅದರೊಂದಿಗೆ ಇತರ ಆಹಾರ ಎಂದು ಹೇಳಿದಾಗ, ನಮ್ಮ ಅಜ್ಜಿಯರಿಗೆ ಅದರಲ್ಲಿ ಹೊಸತೇನೂ ತೋರುತ್ತಿರಲಿಲ್ಲ. ಆದರೆ ಅನ್ನವೆಂದರೆ ಅಕ್ಕಿಯ ಅನ್ನವೆಂದು ಅರ್ಥಮಾಡಿದವರು ಕಾಲುವೆಯ ನೀರಿನ ಊರಿನವರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಬೆದ್ದಲು ಸೀಮೆಯಲ್ಲಿ ಕೂಸಿನ ನಿತ್ಯದ ಅನ್ನ ರಾಗಿಯ ಸರಿ. ಶಾಸ್ತ್ರಕ್ಕೆ ಪಾಯಸವನ್ನು ಮುಟ್ಟಿಸಿದರೂ, ಮರುದಿನದಿಂದ ಬಟ್ಟಲಿಗೆ ಬರುತ್ತಿದ್ದುದು ಸರಿಯೇ.

ಸರಿಯನ್ನು ಮಾಡುವ ಕ್ರಮವನ್ನು ಕೇಳುವವರಲ್ಲಿ ಅನೇಕರು ಬಲ್ಲರು. ರಾಗಿಯನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆಯ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವರು. ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸುವರು. ಇಷ್ಟೊಂದು ಶ್ರಮ ಏತಕ್ಕೆಂದು ಕೇಳಿದರೆ "ಅರಗಲಿ ಎಂದು" ಎಂಬುದೇ ಉತ್ತರ. ಈ ಉತ್ತರದಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಮೊಳೆಯುವ ಕಾಳು ತನ್ನ ಪಿಷ್ಟವನ್ನು ತಾನೇ ಕರಗಿಸುವ ಕಿಣ್ವಗಳನ್ನು ಹುಟ್ಟಿಸುತ್ತದೆ. ಹಸಿ ರಾಗಿಯ ಹಿಟ್ಟನ್ನು ಬೇಯಿಸಿದರೆ ಅದು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಕೂಸು ನುಂಗುವಷ್ಟು ತೆಳುವಾಗಿ ಮಾಡಬೇಕಾದರೆ ನೀರೇ ಹೆಚ್ಚು, ಹಿಟ್ಟು ಅಲ್ಪ. ಮೊಳಕೆಯ ಹಿಟ್ಟಾದರೋ ಹೆಚ್ಚು ಹಾಕಿದರೂ ತೆಳುವಾಗಿಯೇ ಇರುತ್ತದೆ. ಒಂದು ಹಿಡಿಯಷ್ಟಿರುವ ಕೂಸಿನ ಹೊಟ್ಟೆಯಲ್ಲಿ ಒಂದು ಬಟ್ಟಲಿನ ಬಲವನ್ನು ಇಡುವ ಉಪಾಯವಿದು. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಸಿಕಾಚಾರ್ ಇವರು 1982ರಲ್ಲಿ, ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಮಾಡಿದ, ಬೇಯಿಸಿದರೂ ಗಟ್ಟಿಯಾಗದ ಶಿಶು ಆಹಾರವೊಂದನ್ನು ಕುರಿತು ಪ್ರಕಟಿಸಿದರು. ಅಜ್ಜಿಯ ಒದ್ದೆಬಟ್ಟೆಯ ಗಂಟು ಹೀಗೆ ಪ್ರಯೋಗಶಾಲೆಯಲ್ಲಿ ಬಿಚ್ಚಿತು.

ರಾಗಿ ನಮ್ಮ ಮಣ್ಣಿನ ಮಗಳೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅವಳು ಸೊಸೆ. ಅವಳ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು, ಒಳ್ಳೆಯ ಸೊಸೆಯಂತೆ ಮನೆಯನ್ನೆಲ್ಲ ತನ್ನದಾಗಿ ಮಾಡಿಕೊಂಡಳು. ಆದರೂ ಮನೆಯಲ್ಲಿ ಅವಳಿಗೆ ಸಲ್ಲಬೇಕಾದ ಮರ್ಯಾದೆ ಸಂದಿತೆ ಎಂಬುದು ಬೇರೆಯ ಪ್ರಶ್ನೆ. ಹದಿನಾರನೆಯ ಶತಮಾನದಲ್ಲಿ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಬತ್ತಕ್ಕೂ ಶ್ರೀರಾಮನ ಮುಂದೆ ವಾದವನ್ನು ಹೂಡಿಸಿದರು. ಆರು ತಿಂಗಳು ಸೆರೆಯಲ್ಲಿದ್ದರೂ ಕೆಡದ ರಾಗಿ ಗೆದ್ದಿತು. ಬತ್ತ ಉಳ್ಳವರ ಧಾನ್ಯ, ರಾಗಿ ದುಡಿಯುವವರ ಧಾನ್ಯವೆಂಬ ಭೇದ ಆ ವೇಳೆಗೆ ಬಲವಾಗಿ ಬೇರೂರಿರದಿದ್ದರೆ ಅಂತಹ ಕಾವ್ಯವನ್ನು ರಚಿಸುವ ಆವಶ್ಯಕತೆ ಇರುತ್ತಿರಲಿಲ್ಲ.

ಇನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಬಂದ ಸಾಕ್ಷಿಯೂ ಅದನ್ನೇ ಹೇಳುತ್ತದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಮಧುಗಿರಿ, ಶಿರಾಗಳನ್ನೂ ಕಂಡನು. 1807ರಲ್ಲಿ ಲಂಡನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಬೆದ್ದಲು ಬೆಳೆಗಳ ಪೈಕಿ ಪ್ರಧಾನ ಸ್ಥಾನ ರಾಗಿಗೇ ಸಂದಿದೆ. ಕೆಳವರ್ಗದ ಜನರೆಲ್ಲರ ನಿತ್ಯದ ಆಹಾರವೆಂದು ಅವನು ಅದನ್ನು ವರ್ಣಿಸಿದ್ದಾನೆ. ಆಮೇಲೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಡೈರೆಕ್ಟರಾದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು 1920ರಲ್ಲಿ ರಾಗಿಯ ಬೇಸಾಯವನ್ನು ಕುರಿತೇ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪರದೇಶದವರಿಗೆ ಕಂಡ ಈ ಧಾನ್ಯ ನಮ್ಮವರ ಕಣ್ಣಿಗೆ ಕಾಣದೆ ಹೋದುದು ಅದೇ ಕಾಲದಲ್ಲಿ.

ಏಕೆಂದರೆ ಇಂಗ್ಲೀಷು ಕಲಿತು ಕಚೇರಿಯ ಕೆಲಸಕ್ಕಾಗಿ ಬೆಂಗಳೂರು ಮೈಸೂರುಗಳಿಗೆ ಬಂದ ನಮ್ಮ ಹಿರಿಯರು ಹಳ್ಳಿಯಲ್ಲಿ ಮೊದಲು ಬಿಟ್ಟುಬಂದುದು ಹಿಟ್ಟನ್ನು. ಹಬ್ಬದ ದಿನದ ಊಟವಾಗಿದ್ದ ಅನ್ನ ಪಟ್ಟಣದಲ್ಲಿ ಪ್ರತಿದಿನದ ಊಟವಾಯಿತು. ಪ್ರತಿದಿನವೂ ಹಬ್ಬವೆಂಬ ಹೆಮ್ಮೆ ಅದರೊಡನೆ ಬಂದಿತು. ಕೂಸಿನ ಬಟ್ಟಲಿಗೂ ಹೊಸ ಗೌರವ ಬೇಕಾಯಿತು. 1860ರ ದಶಕದಲ್ಲಿ ಜರ್ಮನಿಯ ಲೀಬಿಗನೂ ಸ್ವಿಟ್ಸರ್ಲೆಂಡಿನ ನೆಸ್ಲೆಯೂ ಶಿಶುಗಳಿಗಾಗಿ ಸಿದ್ಧ ಆಹಾರಗಳನ್ನು ಮಾರಾಟಕ್ಕೆ ತಂದಿದ್ದರು. 1873ರಲ್ಲಿ ಅಮೆರಿಕದಲ್ಲಿ ಹಾರ್ಲಿಕ್ ಸಹೋದರರು ತಮ್ಮ ಉದ್ಯಮವನ್ನು ಆರಂಭಿಸಿದರು. ಇಂತಹ ಡಬ್ಬಗಳು ಹಡಗಿನಲ್ಲಿ ಬಂದು ನಮ್ಮ ಗೂಡುಗಳಲ್ಲಿ ಕುಳಿತವು. ಇದರಲ್ಲಿ ಒಂದು ವಿನೋದವಿದೆ. ಹಾರ್ಲಿಕ್ ಸಹೋದರರ ರಹಸ್ಯವೇನು? ಬಾರ್ಲಿಯನ್ನು ಮೊಳಕೆ ಬರಿಸುವುದು! ನಮ್ಮ ಹಿತ್ತಲಿನ ಗಂಟಿನಲ್ಲಿದ್ದ ಉಪಾಯವನ್ನು ನಾವು ಹಳ್ಳಿಗಾಡಿನದೆಂದು ಬಿಟ್ಟು, ಅದನ್ನೇ ಚೀಟಿ ಅಂಟಿಸಿದ ಸೀಸೆಯಲ್ಲಿ ಬೆಲೆಕೊಟ್ಟು ತಂದೆವು. ಎರಡು ವರ್ಷದೊಳಗಿನ ಕೂಸುಗಳ ಡಬ್ಬದ ಆಹಾರಕ್ಕೆ ಜಾಹಿರಾತು ಮಾಡಕೂಡದೆಂದು ನಮ್ಮ ದೇಶ ಕಾನೂನು ಮಾಡಿದುದು 2003ರಲ್ಲಿ. ಅಷ್ಟರೊಳಗೆ ನಮ್ಮ ಮನೆಗಳಲ್ಲಿ ಮೂರು ತಲೆಮಾರು ಬೆಳೆದಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ, ಹಿಂದಿನ ಕಾಲವೆಲ್ಲ ಚಿನ್ನದ ಕಾಲವೆಂದು ಯಾರೂ ತಿಳಿಯಬಾರದು. ಚರಿತ್ರೆಯ ಅಧ್ಯಾಪಕರಾದ ನಾವಂತೂ ತಿಳಿಯಲಾಗದು. ಹಗೇವಿನಲ್ಲಿಟ್ಟ ರಾಗಿ ಅನೇಕ ವರ್ಷ ಹುಳು ಹಿಡಿಯದೆ ಬಾಳುವುದು ನಿಜ. ಆದರೆ 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಹಗೇವುಗಳೂ ಬರಿದಾದವು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂತಹ ದಿನಗಳಲ್ಲಿ ಮೊದಲು ಬಾಡುವವರು ಮೊಲೆಬಿಟ್ಟ ಕೂಸುಗಳು. ಉಣ್ಣಲೊಲ್ಲದ ಕೂಸು ಮನೆಯಲ್ಲಿ ಇರುವುದೂ ಒಂದು ಭಾಗ್ಯವೇ. ಉಣ್ಣಿಸಲು ಏನೋ ಒಂದು ಇದೆಯೆಂದು ಅದರ ಅರ್ಥ. ಈ ಮಾತನ್ನು ನಾವು ತಾಳ್ಮೆ ಕೆಟ್ಟಾಗ ನೆನೆದುಕೊಳ್ಳುತ್ತೇವೆ.

ರಾಗಿಯೊಂದೇ ಸಾಲದೆಂಬುದೂ ಅಷ್ಟೇ ನಿಜ. 2017ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಪಟ್ಟಿಯಂತೆ, 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 364 ಮಿಲಿಗ್ರಾಂ. ಹಸುವಿನ ಹಾಲಿನಲ್ಲಿ 118. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಎಂಟಕ್ಕೂ ಕಡಮೆ. ಎಲುಬು ಬೆಳೆಯುವ ಕೂಸಿಗೆ ಇದು ದೊಡ್ಡ ಲಾಭ. ಆದರೆ ರಾಗಿಯ ಸಸಾರಜನಕ 100 ಗ್ರಾಮಿಗೆ ಏಳೇ ಗ್ರಾಂ. ಅದರ ಕೊರತೆಯನ್ನು ಬೇಳೆಕಾಳು ತುಂಬಬೇಕು. ಅದರಲ್ಲಿರುವ ಕಬ್ಬಿಣವೂ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ; ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆಯ ಹುಳಿ ಅದಕ್ಕೆ ನೆರವಾಗುತ್ತದೆ. ಮುದ್ದೆಯ ಮಗ್ಗುಲಲ್ಲಿ ಹುರುಳಿಯ, ಅವರೆಯ, ಸೊಪ್ಪಿನ ಸಾರು ಕುಳಿತದ್ದು ಬರಿಯ ರುಚಿಗಾಗಿ ಅಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಆಹಾರ ಸಂಶೋಧನಾಲಯವು ಕಡಲೆಕಾಯಿಯ ಹಿಟ್ಟಿಗೆ ಕಡಲೆಯ ಹಿಟ್ಟನ್ನು ಬೆರೆಸಿ ಬಡವರ ಮಕ್ಕಳಿಗೆ ಬಲವರ್ಧಕವನ್ನು ಮಾಡಿತು. ಆ ಕಡಲೆಕಾಯಿ ಶಿರಾ ಪಾವಗಡಗಳ ಹೊಲದ ಬೆಳೆಯೇ. ಮನೆಯಲ್ಲಿ ಕೊಡುವವರು ಅದನ್ನು ಹುರಿದು ನುಣ್ಣಗೆ ಪುಡಿಮಾಡಿಯೇ ಕೊಡಬೇಕು. ಇಡಿಯ ಬೀಜ ಕೂಸಿನ ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು.

ಇದು ನಮ್ಮ ಒಂದು ಮನೆಯ ಕಷ್ಟವಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ನಾಡಿನಲ್ಲಿ ಅದಕ್ಕೆ ಆಯ್ದ ಸ್ಥಳ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಗಳು ಹಳ್ಳಿಹಳ್ಳಿಗೂ ಹೋಗಿವೆ. ಹಾಲು, ಕಾಳು, ಮೊಟ್ಟೆ ಕೂಸುಗಳಿಗೆ ತಲಪುತ್ತಿವೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನೂರಕ್ಕೆ 65 ಮಂದಿ ರಕ್ತಹೀನತೆಯುಳ್ಳವರು. ಬಡತನವೊಂದರಿಂದಲೇ ಇಷ್ಟಾಯಿತೆಂದು ಪಟ್ಟಣದವರಾದ ನಾವು ಹೇಳಿ ಪಾರಾಗುವಂತಿಲ್ಲ. ನಮ್ಮ ಮಗಳೂ ಆ ಅರುವತ್ತೈದರಲ್ಲಿ ಸೇರಿದವಳೇ.

ಇನ್ನು ಕೂಸಿನ "ಒಲ್ಲೆ" ಎಂಬ ಮಾತಿಗೆ ಬರೋಣ. ಒಂದೂವರೆ ಎರಡು ವರ್ಷದ ಹೊತ್ತಿಗೆ ಹೊಸ ತಿನಿಸನ್ನು ಕಂಡು ಹಿಂಜರಿಯುವುದು ಕೂಸಿನ ಸ್ವಭಾವ. ತಾಯಿಯ ತೊಡೆಯಿಂದ ಇಳಿದು ಓಡಾಡುವ ಪ್ರಾಣಿಗೆ ಕಂಡದ್ದನ್ನೆಲ್ಲ ನುಂಗದ ಎಚ್ಚರವನ್ನು ಪ್ರಕೃತಿ ಕೊಟ್ಟಿದೆಯೆಂದು ಬಲ್ಲವರು ಊಹಿಸುತ್ತಾರೆ. ನಾವು ಹಟವೆಂದು ಗದರಿಸುವುದು ಅರ್ಧಕ್ಕರ್ಧ ಈ ಎಚ್ಚರವೇ. ಅಮೆರಿಕದ ಕ್ಲಾರಾ ಡೇವಿಸ್ ಎಂಬ ವೈದ್ಯೆ 1926ರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದಳು. ಆಗತಾನೆ ಮೊಲೆಬಿಟ್ಟ ಕೂಸುಗಳ ಮುಂದೆ ಧಾನ್ಯ, ಹಣ್ಣು, ತರಕಾರಿ, ಹಾಲು, ಮೊಟ್ಟೆ, ಮಾಂಸಗಳನ್ನು ಬೇರೆ ಬೇರೆಯಾಗಿ ಇರಿಸಿ, ದಾದಿಯರು ಒತ್ತಾಯವನ್ನೂ ಮಾಡದೆ ತಡೆಯನ್ನೂ ಮಾಡದೆ ಕುಳಿತಿರಬೇಕೆಂದು ವಿಧಿಸಿದಳು. 15 ಕೂಸುಗಳು ವಿಚಿತ್ರ ವಿಚಿತ್ರವಾಗಿ ಉಂಡವು. ಆದರೆ ಎಲ್ಲವೂ ಚೆನ್ನಾಗಿ ಬೆಳೆದವು. ಇದರಿಂದ ಕೂಸು ಸರ್ವಜ್ಞನೆಂದು ತಿಳಿಯಬೇಡಿರೆಂದು ಡೇವಿಸ್ ತಾನೇ ಎಚ್ಚರಿಸಿದಳು. ಗುಟ್ಟು ಆಹಾರದ ಪಟ್ಟಿಯಲ್ಲಿತ್ತು: ಅದರಲ್ಲಿ ಸಕ್ಕರೆಯಾಗಲಿ ಬಿಸ್ಕತ್ತಾಗಲಿ ಇರಲಿಲ್ಲ. ಯಾವುದನ್ನು ಮುಂದಿಡಬೇಕೆಂಬುದು ಹಿರಿಯರ ಕೆಲಸ. ಎಷ್ಟನ್ನು ಉಣ್ಣಬೇಕೆಂಬುದು ಕೂಸಿನ ಕೆಲಸ.

ಅದೇ ದೇಶದ ಲಿಯಾನ್ ಬರ್ಚ್ ಎಂಬ ವಿದುಷಿ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಮತ್ತೆ ಮತ್ತೆ ರುಚಿ ತೋರಿಸಿ ನೋಡಿದಳು. ಹೆಚ್ಚು ಬಾರಿ ಸವಿದುದೇ ಹೆಚ್ಚು ಪ್ರಿಯವಾಯಿತು. ಕೆಲವನ್ನು 20 ಬಾರಿಯ ವರೆಗೆ ಕೊಟ್ಟಿದ್ದರು. ಎರಡು ಬಾರಿ ಉಗುಳಿದೊಡನೆ "ನಮ್ಮ ಮಗುವಿಗೆ ಇದು ಸೇರದು" ಎಂದು ತೀರ್ಪು ಬರೆಯುವ ನಾವೆಲ್ಲಿ! ಎರಡು ವರ್ಷಗಳ ತರುವಾಯ ಆಕೆಯ ತಂಡದವರೇ, ಬಹುಮಾನದ ಆಸೆ ತೋರಿಸಿ ಉಣ್ಣಿಸಿದ ಪದಾರ್ಥದ ಮೇಲೆ ಮಕ್ಕಳಿಗೆ ಒಲವು ಹೆಚ್ಚದೆ ಕುಗ್ಗುವುದೆಂದು ತೋರಿಸಿದರು. ಲಂಚ ಕೊಟ್ಟು ಮಾಡಿಸಬೇಕಾದ ಕೆಲಸ ಒಳ್ಳೆಯದಾಗಿರಲಾರದೆಂಬುದು ಕೂಸಿಗೂ ತಿಳಿಯುತ್ತದೆ. "ನಾಳೆ ನೆಕ್ತದೆ, ನಾಡಿದ್ದು ನುಂಗ್ತದೆ" ಎಂದ ತಾವರೆಕೆರೆಯ ಅಜ್ಜಿ ಈ ಲೇಖನಗಳನ್ನು ಓದಿರಲಿಲ್ಲ.

ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿ ಮುಗಿಸುತ್ತೇವೆ. ಕೂಸಿಗಾಗಿ ಹೂಡಿದ್ದ ಬೇರೆಯ ಒಲೆಯನ್ನು ಆರಿಸಿದೆವು. ವಾರಕ್ಕೆ ನಾಲ್ಕು ದಿನ ಮನೆಯವರೆಲ್ಲರಿಗೂ ಮುದ್ದೆ ಎಂದು ಗೊತ್ತುಮಾಡಿದೆವು. ಮೊದಲ ದಿನ ಮುದ್ದೆಯನ್ನು ಅಗಿಯಲು ಹೋಗಿ ನಗೆಪಾಟಲಾದವರು ನಾವೇ. ನಮ್ಮ ತಂದೆಯವರು ನುಂಗುವ ಕ್ರಮವನ್ನು ನಮಗೆ ನಲವತ್ತು ದಾಟಿದ ಮೇಲೆ ಕಲಿಸಿದರು. ಹಾಲನ್ನು ಅರ್ಧ ಲೀಟರಿಗೆ ಇಳಿಸಿ, ಊಟಕ್ಕೆ ಮೊದಲು ಕೊಡುವುದನ್ನು ನಿಲ್ಲಿಸಿದೆವು. ಬಿಸ್ಕತ್ತನ್ನು ತರುವುದನ್ನೇ ಬಿಟ್ಟೆವು. ಮೊಬೈಲನ್ನು ಊಟದ ಕೋಣೆಯ ಹೊರಗಿಟ್ಟೆವು. ಕೂಸಿಗೆ ಒಂದು ತಣಿಗೆ, ಅದರಲ್ಲಿ ಗೋಲಿಯಷ್ಟು ಮುದ್ದೆ, ಸ್ವಲ್ಪ ಸಾರು, ಸ್ವಲ್ಪ ಅನ್ನ. ಉಂಡರೆ ಹೊಗಳಲಿಲ್ಲ, ಬಿಟ್ಟರೆ ಗದರಿಸಲಿಲ್ಲ. ಮೊದಲ ಮೂರು ವಾರ ಅದು ಮುದ್ದೆಯನ್ನು ಚುಚ್ಚಿತು, ನೆಲಕ್ಕೆ ಬಳಿಯಿತು, ಅಜ್ಜನ ತಣಿಗೆಗೆ ಹಾಕಿತು. ನಮ್ಮ ಮನೆಯವರು ಎರಡು ಬಾರಿ ಕಣ್ಣೀರಿಟ್ಟರು. ನಾಲ್ಕನೆಯ ವಾರದಲ್ಲಿ ಒಂದು ರಾತ್ರಿ, ಯಾರೂ ನೋಡದಿದ್ದಾಗ, ತಾತನಂತೆಯೇ ಸಾರಿನಲ್ಲಿ ಅದ್ದಿ ನುಂಗಿಬಿಟ್ಟಿತು.

ಇದನ್ನು ವಿಜಯವೆಂದು ನಾವು ಸಾರುವುದಿಲ್ಲ. ಕುಂಬಳಕಾಯಿಯನ್ನು ಅವಳು ಇಂದಿಗೂ ಒಲ್ಲಳು. ವೈದ್ಯರು ಕೊಟ್ಟ ಹನಿಗಳನ್ನು ನಾವು ನಿಲ್ಲಿಸಲಿಲ್ಲ. ನಾಲ್ಕು ತಿಂಗಳ ಮೇಲೆ ರಕ್ತ ಸುಧಾರಿಸಿತೆಂದಾಗ ಅದರ ಕೀರ್ತಿಯಲ್ಲಿ ಹನಿಗೂ ಪಾಲುಂಟು, ಊಟಕ್ಕೂ ಪಾಲುಂಟು. ಆದರೆ ಒಂದು ವಿಷಯ ನಮಗೆ ಮನದಟ್ಟಾಯಿತು. ರಾಗಿಯನ್ನು ಮೊದಲು ಒಲ್ಲೆನೆಂದುದು ನಮ್ಮ ಮಗಳಲ್ಲ. ಪಟ್ಟಣಕ್ಕೆ ಬಂದ ನಮ್ಮ ಹಿರಿಯರು ಒಲ್ಲೆನೆಂದರು. ಓದು ಕಲಿತ ನಾವು ಒಲ್ಲೆನೆಂದೆವು. ಅವಳು ಮನೆಯ ಸಂಪ್ರದಾಯವನ್ನು ವಿಧೇಯಳಾಗಿ ಪಾಲಿಸಿದಳು, ಅಷ್ಟೆ. ಕೂಸು ನಮ್ಮ ಉಪದೇಶವನ್ನು ಉಣ್ಣುವುದಿಲ್ಲ, ನಮ್ಮ ತಣಿಗೆಯನ್ನು ನೋಡಿ ಉಣ್ಣುತ್ತದೆ. ಕಳೆದ ಸಂಕ್ರಾಂತಿಗೆ ತಾವರೆಕೆರೆಯಿಂದ ಒಂದು ಗಂಟು ರಾಗಿ ಬಂದಿತು. "ಮೇಷ್ಟ್ರಿಗೆ" ಎಂದು ಹೇಳಿ ಕಳುಹಿಸಿದ್ದರು, ಕೂಸಿಗೆ ಎಂದಲ್ಲ.